ಅವನ ಬ್ಯಾಗು ಅವನೇ ತಗೊಳ್ಳಲಿ

ಪರೀಕ್ಷೆಗೆ ಇನ್ನೂ ಮೂರು ವಾರ ಇದೆ. ಆದರೂ ಮೊನ್ನೆ ಭಾನುವಾರ ಪಾತ್ರೆ ತೊಳೆದಿಟ್ಟು, ನಮ್ಮ ಶಾಲೆಯ ಪುಟ್ಟ ಮುಂದೆ ಹೋಗುವ ಶಾಲೆಯ ಟೀಚರಿಗೆ ಒಂದು ಕಾಗದ ಬರೆಯಲು ಕೂತೆ. ಟಿ.ಸಿ.ಯಲ್ಲಿ ಏನಿರುತ್ತೆ ಹೇಳಿ? ಹುಟ್ಟಿದ ತಾರೀಖು, ಜಾತಿ, ಕೊನೆಗೆ ನಡತೆ ‘ಉತ್ತಮ’. ಅವನ ಬಗ್ಗೆ ಒಬ್ಬ ಟೀಚರಿಗೆ ಗೊತ್ತಿರಬೇಕಾದ್ದು ಒಂದೂ ಅದರಲ್ಲಿಲ್ಲ. ಒಂದು ಪುಟ ಬರೆದು ಮಲಗೋಣ ಅಂದುಕೊಂಡವಳು ನಾಲ್ಕು ಪುಟ ಗೀಚಿದೆ. ಜೂನ್ ತಿಂಗಳಲ್ಲಿ ಯಾವ ಟೀಚರೂ ನಾಲ್ಕು ಪುಟ ಓದುವುದಿಲ್ಲ, ನಾನೇ ಓದುವುದಿಲ್ಲ. ಹಾಗಾಗಿ ಕಾಗದವನ್ನು ಒಂದು ಪುಟಕ್ಕೆ ಇಳಿಸಿ, ಮಿಕ್ಕಿದ್ದನ್ನು ಇಲ್ಲಿ ಸುರಿಯುತ್ತಿದ್ದೇನೆ.

ಪುಟ್ಟ ಅವನ ಹೆಸರಲ್ಲ. ಪಾಂಡವಪುರ ತಾಲ್ಲೂಕಿನಲ್ಲಿ ಮನೆಗೊಬ್ಬ ಪುಟ್ಟ ಇರುವುದರಿಂದ ಯಾರಿಗೂ ಗುರುತು ಸಿಗುವುದಿಲ್ಲ ಅನ್ನೋ ಧೈರ್ಯ. ನಮ್ಮದು ವಿಶ್ವೇಶ್ವರಯ್ಯ ನಾಲೆಯ ಪಕ್ಕದ ಊರು. ಶಾಲೆಯ ಒಂದು ಕಡೆ ಕಬ್ಬು, ಇನ್ನೊಂದು ಕಡೆ ಭತ್ತ, ಎದುರಿಗೆ ಸೊಸೈಟಿ. ಒಂದರಿಂದ ಐದನೇ ತರಗತಿವರೆಗೆ ಇಬ್ಬರೇ ಟೀಚರು. ನಾಲ್ಕು, ಐದು ಹೆಡ್‌ಮೇಷ್ಟ್ರಿಗೆ. ಒಂದು, ಎರಡು, ಮೂರು ಒಂದೇ ಕೋಣೆಯಲ್ಲಿ ಕಲೆಸಿ ನನ್ನ ಪಾಲಿಗೆ: ನಲಿಕಲಿ.

ಅವನು ಬಂದದ್ದು 2021ರ ಅಕ್ಟೋಬರ್ 25ಕ್ಕೆ. ತಾರೀಖು ನೆನಪಿರಲು ಕಾರಣ, ಕೊರೊನಾ ಆದಮೇಲೆ ಚಿಕ್ಕ ತರಗತಿಗಳು ಬಾಗಿಲು ತೆರೆದ ದಿನ ಅದು. ಒಂದನೇ ತರಗತಿಗೆ ಸೇರಿದ ಮಕ್ಕಳೆಲ್ಲ ಒಂದೂವರೆ ವರ್ಷದಿಂದ ಅಂಗನವಾಡಿಯ ಮುಖವನ್ನೇ ನೋಡದವರು. ಅರ್ಧ ಜನ ಅಳುತ್ತಿದ್ದರು, ಇಬ್ಬರು ಕಿಟಕಿ ಹತ್ತಿದ್ದರು. ಆ ಗಲಾಟೆಯಲ್ಲಿ ಮೂಲೆಯಲ್ಲಿ ಸುಮ್ಮನೆ ಕೂತು ಚಪ್ಪಲಿಯ ಪಟ್ಟಿ ಬಿಚ್ಚಿ ಹಾಕಿ ಬಿಚ್ಚಿ ಹಾಕಿ ಮಾಡುತ್ತಿದ್ದ ಒಬ್ಬನನ್ನು ‘ಪಾಪ, ಎಷ್ಟು ಒಳ್ಳೇ ಹುಡುಗ’ ಅಂದುಕೊಂಡೆ. ಹದಿನೈದು ವರ್ಷ ಸರ್ವೀಸು ಆಗಿತ್ತು ನನಗೆ ಆಗ. ಸುಮ್ಮನಿರುವ ಮಗುವನ್ನು ಒಳ್ಳೆಯ ಮಗು ಅಂತ ಓದುವ ಚಟ ಹದಿನೈದು ವರ್ಷದಲ್ಲಿ ಗಟ್ಟಿಯಾಗಿರುತ್ತೆ.

ಎರಡು ವಾರಕ್ಕೆ ಗೊತ್ತಾಯಿತು. ಆರು ವರ್ಷದ ಹುಡುಗನಿಗೆ ಹದಿನಾಲ್ಕು ಮಾತು ಬರುತ್ತಿತ್ತು. ಲೆಕ್ಕ ಹಾಕಿ ನೋಟ್‌ಬುಕ್ಕಿನ ಹಿಂದೆ ಬರೆದುಕೊಂಡಿದ್ದೆ. ಅವ್ವ, ತಾತ, ಬಸ್, ನೀರಿಗೆ ‘ನೀ’, ಕಬ್ಬಿಗೆ ‘ಕಬ’, ಬೇಡ ಅನ್ನುವುದಕ್ಕೆ ‘ಬಾಡ’. ಬೇಕು ಅನ್ನುವುದಕ್ಕೆ ಮಾತಿರಲಿಲ್ಲ, ಕೈ ಹಿಡಿದು ಎಳೆಯುತ್ತಿದ್ದ. ಪೆನ್ಸಿಲ್ಲನ್ನು ಸೌಟು ಹಿಡಿದಂತೆ ಮುಷ್ಟಿಯಲ್ಲಿ ಹಿಡಿಯುತ್ತಿದ್ದ. ಮೂತ್ರ ಬಂದರೆ ಹೇಳಲು ಗೊತ್ತಾಗುತ್ತಿರಲಿಲ್ಲ.

ಮನೆಗೆ ಹೋದೆ. ಅಜ್ಜಿ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ನಾನು ಬಾಯಿ ಬಿಡುವ ಮೊದಲೇ ಅವರಿಗೆ ವಿಷಯ ಗೊತ್ತು. ‘ನಮ್ ಯಜಮಾನ್ರೂ ಐದೊರ್ಸಕ್ಕೆ ಮಾತಾಡಿದ್ದು ಕನವ್ವ. ಗಂಡೈಕ್ಳಿಗೆ ಮಾತು ನಿದಾನ. ಬಜೆ ತೇದು ನೆಕ್ಸ್ತಾವ್ನಿ, ಬತ್ತದೆ.’ ತಾಯಿ ಒಳಗಿಂದ ಬಂದು ಬಾಗಿಲಿಗೆ ಒರಗಿ ನಿಂತು ಮೆಲ್ಲಗೆ ಬೇರೆ ಕಥೆ ಹೇಳಿದಳು. ಎಂಟಕ್ಕೆ ಮೊದಲೇ ಹೆರಿಗೆ, ಇಪ್ಪತ್ತು ದಿನ ಗಾಜಿನ ಪೆಟ್ಟಿಗೆಯಲ್ಲಿ, ಕೂತದ್ದು ವರ್ಷ ತುಂಬಿದ ಮೇಲೆ, ನಡೆದದ್ದು ಎರಡೂಕಾಲು ವರ್ಷಕ್ಕೆ. ಅಂಗನವಾಡಿಯ ಮಿಸ್ಸು ಒಂದು ಸಲ ‘ಆಸ್ಪತ್ರೆಗೆ ತೋರಿಸಿ’ ಅಂದಿದ್ದರಂತೆ. ಅಷ್ಟರಲ್ಲಿ ಲಾಕ್‌ಡೌನ್ ಬಂತು. ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ನೋಡಬೇಕಾದ ಬಾಲ ಸ್ವಾಸ್ಥ್ಯದ ವೈದ್ಯರ ತಂಡಕ್ಕೆ ಅವನು ಕಾಣಿಸಲೇ ಇಲ್ಲ, ಏಕೆಂದರೆ ಅಂಗನವಾಡಿಯೇ ಮುಚ್ಚಿತ್ತು. ಒಂದೂವರೆ ವರ್ಷ ತುಂಬುವುದರೊಳಗೆ ಮಗು ನಡೆಯಬೇಕು, ಎರಡು ತುಂಬುವ ಹೊತ್ತಿಗೆ ‘ಅವ್ವ ಬಾ’ ಅಂತ ಎರಡು ಮಾತು ಕೂಡಿಸಬೇಕು. ಇಲ್ಲದಿದ್ದರೆ ಕಾಯಬಾರದು, ತೋರಿಸಬೇಕು. ಇದನ್ನು ನಾನು ಈಗ ಊರಿನ ಪ್ರತಿ ನಾಮಕರಣದಲ್ಲೂ ಹೇಳಿ ಎಲ್ಲರಿಗೂ ಬೇಜಾರು ತರಿಸುತ್ತೇನೆ.

ಮೊದಲ ವರ್ಷ ನಾನು ಏನು ಮಾಡಿದೆ ಅಂತ ಪ್ರಾಮಾಣಿಕವಾಗಿ ಬರೆಯಬೇಕು. ಅವನನ್ನು ನನ್ನ ಪಕ್ಕದಲ್ಲೇ ಕೂರಿಸಿಕೊಂಡೆ. ಕೈ ಹಿಡಿದು ಸ್ಲೇಟಿನ ಮೇಲೆ ‘ರ’ ತಿದ್ದಿಸಿದೆ. ನಲಿಕಲಿಯಲ್ಲಿ ಅಕ್ಷರ ಶುರುವಾಗುವುದು ಅ ಆ ಇ ಈ ಇಂದ ಅಲ್ಲ, ರ ಗ ಸ ದ ಅ ಇಂದ. ದಿನಾ ಇಪ್ಪತ್ತು ‘ರ’. ಸ್ಲೇಟು ನೋಡಿದರೆ ಮುತ್ತಿನಂಥ ಅಕ್ಷರ. ಆದರೆ ಅದು ನನ್ನ ಅಕ್ಷರ. ಅವನ ಕೈ ನನ್ನ ಕೈಯೊಳಗೆ ಸತ್ತ ಮೀನಿನ ಹಾಗೆ ಬಿದ್ದಿರುತ್ತಿತ್ತು, ಅವನು ಕಿಟಕಿಯಾಚೆ ಕಬ್ಬಿನ ಲಾರಿ ನೋಡುತ್ತಿದ್ದ.

ಜೊತೆಗೆ ನಮ್ಮ ಲೀಡರಮ್ಮ. ಎರಡನೇ ತರಗತಿಯ ಹುಡುಗಿ, ಎರಡು ಜಡೆ, ಮನೆಯಲ್ಲಿ ಇಬ್ಬರು ತಮ್ಮಂದಿರನ್ನು ಸಾಕಿ ಅನುಭವ. ಅವಳು ಪುಟ್ಟನನ್ನು ದತ್ತು ತೆಗೆದುಕೊಂಡಂತೆ ನೋಡಿಕೊಂಡಳು. ಅವನ ಬ್ಯಾಗು ತೆಗೆಯುವವಳು ಅವಳು, ತಟ್ಟೆ ತೊಳೆಯುವವಳು ಅವಳು, ಮೂಗು ಒರೆಸುವವಳು ಅವಳು. ಹಾಜರಿ ಕೂಗಿದರೆ ಅವನ ಬದಲು ‘ಬಂದವ್ನೆ ಮಿಸ್’ ಅನ್ನುವವಳೂ ಅವಳೇ. ಬೆಳಗಿನ ಹಾಲನ್ನು ಅವನ ತುಟಿಗೇ ಹಿಡಿಯುತ್ತಿದ್ದಳು. ಒಂದು ದಿನ ಭೇಟಿಗೆ ಬಂದ ಮೇಲಿನವರೊಬ್ಬರು ಇದನ್ನು ನೋಡಿ ಕಣ್ಣು ತುಂಬಿಕೊಂಡು ಫೋಟೋ ಹೊಡೆದುಕೊಂಡರು. ನನಗೂ ಹೆಮ್ಮೆ. ಸಮನ್ವಯ ಶಿಕ್ಷಣ ಅಂದರೆ ಇದೇ ಅಲ್ಲವೇ ಅಂದುಕೊಂಡೆ.

ಆಮೇಲೆ ಆಲೆಮನೆ ಪ್ರಕರಣ. ಮಾರ್ಚ್ ತಿಂಗಳು, ಮಧ್ಯಾಹ್ನದ ಊಟದ ಹೊತ್ತು. ಎಣಿಸಿದಾಗ ಒಂದು ತಲೆ ಕಡಿಮೆ. ಗೇಟು ಅರ್ಧ ತೆಗೆದಿತ್ತು. ನನ್ನ ತಲೆಗೆ ಮೊದಲು ಬಂದದ್ದು ನಾಲೆ. ನಾಲೆಯಲ್ಲಿ ಆಗ ನೀರು ಬಿಟ್ಟಿದ್ದರು. ಹೆಡ್‌ಮೇಷ್ಟ್ರು ಆ ಕಡೆ, ನಾನು ಈ ಕಡೆ, ಅಡುಗೆಯಮ್ಮ ಸೌಟು ಕೈಯಲ್ಲೇ ಹಿಡಿದು ಇನ್ನೊಂದು ಕಡೆ ಓಡಿದೆವು. ಸಿಕ್ಕಿದ್ದು ಕಾಲು ಗಂಟೆಯ ಮೇಲೆ, ಅರ್ಧ ಕಿಲೋಮೀಟರ್ ಆಚೆಯ ಆಲೆಮನೆಯಲ್ಲಿ. ಕುದಿಯುವ ಕೊಪ್ಪರಿಗೆಯಿಂದ ಹತ್ತೇ ಅಡಿ ದೂರದಲ್ಲಿ ಕೂತು ಬಿಸಿ ಬೆಲ್ಲ ಮುತ್ತುಗದ ಎಲೆಯಲ್ಲಿ ನೆಕ್ಕುತ್ತಿದ್ದ. ವಾಸನೆ ಹಿಡಿದು ಹೋಗಿದ್ದ, ಅಷ್ಟೇ. ಅಲ್ಲಿನವರು ‘ಮಿಸ್, ಉಣ್ತಾವ್ನೆ ಇರಿ’ ಅಂದರು. ನಾನು ಅಲ್ಲೇ ಸಿಪ್ಪೆಯ ರಾಶಿಯ ಮೇಲೆ ಕುಸಿದು ಕೂತೆ.

ಆ ದಿನದಿಂದ ಅವನ ಕೈ ಬಿಡಲಿಲ್ಲ. ನಿಜವಾಗಿ ಬಿಡಲಿಲ್ಲ. ಬೋರ್ಡಿನ ಮೇಲೆ ಬರೆಯುವಾಗಲೂ ಎಡಗೈಯಲ್ಲಿ ಅವನ ಕೈ. ಲೀಡರಮ್ಮನಿಗೆ ಬಡ್ತಿ ಸಿಕ್ಕಿತು: ಮೂತ್ರಕ್ಕೆ ಹೋದರೂ ಹೊರಗೆ ನಿಂತು ಕಾಯುವ ಕೆಲಸ.

ಮುಂದಿನ ಜುಲೈನಲ್ಲಿ, ಅವನು ಎರಡನೇ ತರಗತಿಯಲ್ಲಿದ್ದಾಗ, ನಮ್ಮ ಬ್ಲಾಕಿನ ಬಿ.ಐ.ಇ.ಆರ್.ಟಿ. ಮೇಡಂ ಬಂದರು. ವಿಶೇಷ ಅಗತ್ಯದ ಮಕ್ಕಳಿಗಾಗಿ ಸಮಗ್ರ ಶಿಕ್ಷಣದಲ್ಲಿ ಇರುವ ಸಂಪನ್ಮೂಲ ಶಿಕ್ಷಕರು ಇವರು. ಒಬ್ಬೊಬ್ಬರಿಗೆ ಎಷ್ಟೋ ಶಾಲೆ, ಎಷ್ಟೋ ಮನೆ, ಎರಡು ಬಸ್ಸು ಬದಲಿಸಿ ಓಡಾಟ. ಬಂದರೆ ಒಂದು ಫಾರಂ ತುಂಬಿ ಟೀ ಕುಡಿದು ಹೋಗುತ್ತಾರೆ ಅನ್ನೋ ನನ್ನ ಅಂದಾಜು ತಪ್ಪಾಯಿತು. ಆಯಮ್ಮ ಮೂಲೆಯಲ್ಲಿ ಚಾಪೆಯ ಮೇಲೆ ಕೂತು ಎರಡು ಗಂಟೆ ಒಂದು ಮಾತೂ ಆಡದೆ ನೋಡಿದರು. ಊಟದ ಗಂಟೆ ಹೊಡೆದಾಗ ಎದ್ದು ನನ್ನ ಹತ್ತಿರ ಬಂದು, ‘ಮೇಡಂ, ಇವತ್ತು ಬೆಳಿಗ್ಗೆಯಿಂದ ಈ ಮಗು ತಾನಾಗೇ ಏನೇನು ಮಾಡಿದ?’ ಅಂದರು.

ಯೋಚಿಸಿದೆ. ಬ್ಯಾಗು ತೆಗೆದದ್ದು ಅವಳು. ಬರೆದದ್ದು ನಾನು. ಹಾಜರಿ ಹೇಳಿದ್ದು ಅವಳು. ಚಾಪೆ ಹಾಸಿಕೊಟ್ಟದ್ದು ಇನ್ನೊಬ್ಬ. ‘ಸೀನಿದ’ ಅಂದೆ.

ಅವರು ನಗಲಿಲ್ಲ.

ಗೋಡೆಯ ಕಡೆ ಕೈ ತೋರಿಸಿದರು. ನಲಿಕಲಿ ಕೋಣೆ ನೋಡಿದವರಿಗೆ ಗೊತ್ತಿರುತ್ತೆ, ಮಕ್ಕಳು ‘ತಟ್ಟೆ’ ಅನ್ನೋ ಗುಂಪುಗಳಲ್ಲಿ ಕೂರುತ್ತಾರೆ. ಮೊದಲನೆಯದು ಪೂರ್ತಿ ಟೀಚರ ಸಹಾಯ ಬೇಕಾದವರ ಗುಂಪು. ಆಮೇಲೆ ಟೀಚರ ಸಹಾಯ ಸ್ವಲ್ಪವೇ ಸಾಕಾದವರು. ಆಮೇಲೆ ಜೊತೆಯವರ ಸಹಾಯ. ಕೊನೆಗೆ ಸ್ವಕಲಿಕೆ. ಒಂದು ಕಾರ್ಡು ಮುಗಿಸಿದ ಮಗು ಗೋಡೆಯ ಮೇಲಿನ ಕಲಿಕಾ ಏಣಿಯಲ್ಲಿ ಮುಂದಿನ ಮೆಟ್ಟಿಲು ನೋಡಿ, ತನ್ನ ತಟ್ಟೆ ಯಾವುದೋ ಅಲ್ಲಿಗೆ ಹೋಗಿ ಕೂರಬೇಕು. ನಮ್ಮ ಪಕ್ಕದ ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ 1995ರಲ್ಲಿ, ಆಂಧ್ರದ ರಿಷಿವ್ಯಾಲಿಯ ಹಳ್ಳಿ ಶಾಲೆಗಳ ಮಾದರಿ ಇಟ್ಟುಕೊಂಡು, ನಮ್ಮಂಥ ಮೇಷ್ಟ್ರುಗಳೇ ಕೂತು ಕಟ್ಟಿದ ಪದ್ಧತಿ ಇದು. ಸಹಾಯವನ್ನು ಅಳೆದು ಅಳೆದು ಕಡಿಮೆ ಮಾಡುತ್ತಾ ಹೋಗುವುದೇ ಅದರ ಗುಟ್ಟು. ದಿನಾ ಆ ತಟ್ಟೆಗಳ ಮಧ್ಯೆ ಓಡಾಡುವವಳು ನಾನು. ಮಿಕ್ಕ ಮೂವತ್ತು ಮಕ್ಕಳನ್ನು ಒಂದು ತಟ್ಟೆಯಿಂದ ಇನ್ನೊಂದಕ್ಕೆ ದಾಟಿಸಿ, ಇವನೊಬ್ಬನನ್ನು ಒಂಬತ್ತು ತಿಂಗಳಿಂದ ಮೊದಲನೇ ತಟ್ಟೆಯಲ್ಲಿ ಕೂರಿಸಿ ಮೇಲೆ ಕೈ ಬೇರೆ ಹಿಡಿದುಕೊಂಡಿದ್ದೆ.

ಮೇಡಂ ಕಲಿಸಿದ ಮೊದಲ ಉಪಾಯ ಜಿಪ್ಪಿನದು. ಒಂದು ಕೆಲಸವನ್ನು ಮೊದಲಿಂದ ಕಲಿಸಬೇಡಿ, ಕೊನೆಯಿಂದ ಕಲಿಸಿ ಅಂದರು. ಬ್ಯಾಗಿನ ಜಿಪ್ಪನ್ನು ನೀವೇ ಮುಕ್ಕಾಲು ಪಾಲು ಎಳೆಯಿರಿ, ಕೊನೆಯ ಎರಡು ಇಂಚು ಅವನಿಗೆ ಬಿಡಿ. ‘ತೆಗೆದೆ’ ಅನ್ನೋ ಖುಷಿ ಯಾವಾಗಲೂ ಅವನದಾಗಿರುತ್ತೆ. ಎರಡು ಇಂಚು ಸಲೀಸಾದ ಮೇಲೆ ನಾಲ್ಕು ಇಂಚು ಬಿಡಿ. ಮೊದಲಿಂದ ಕಲಿಸಿದರೆ ಮಗು ಪ್ರತಿ ಸಲ ನಡುವಿನಲ್ಲಿ ಸೋತು ನಿಲ್ಲುತ್ತೆ, ಮುಗಿಸುವವರು ನಾವಾಗುತ್ತೇವೆ. ಜಿಪ್ಪಿನ ತುದಿ ಅವನ ಬೆರಳಿಗೆ ಸಿಗುತ್ತಿರಲಿಲ್ಲ, ಅದಕ್ಕೆ ಮಗಳ ಕೆಂಪು ಟೇಪಿನ ತುಂಡು ತಂದು ಕುಣಿಕೆ ಕಟ್ಟಿದೆ. ಅಂಗಿ ಗುಂಡಿಗೂ, ತಟ್ಟೆ ತೊಳೆಯುವುದಕ್ಕೂ ಇದೇ ಲೆಕ್ಕ.

ಎರಡನೆಯದು ಕಾಯುವುದು. ಇದು ನನಗೆ ಜಿಪ್ಪಿಗಿಂತ ಕಷ್ಟವಾಯಿತು. ‘ಪುಟ್ಟ, ಚಾಪೆ ತಗೊಂಡು ಬಾ’ ಅಂತ ಒಂದೇ ಮಾತಿನಲ್ಲಿ ಹೇಳಿ, ಮನಸ್ಸಿನಲ್ಲಿ ಹತ್ತು ಎಣಿಸಬೇಕು. ಎಣಿಸಿ ಮುಗಿಯುವವರೆಗೆ ಮತ್ತೆ ಹೇಳಬಾರದು, ಕೈ ತೋರಿಸಬಾರದು, ಯಾರೂ ಎದ್ದು ತಂದುಕೊಡಬಾರದು. ಯಾವುದೋ ತರಬೇತಿಯಲ್ಲಿ ಮೇರಿ ಬಡ್ ರೋ ಅನ್ನೋ ಅಮೆರಿಕದ ಶಿಕ್ಷಣ ತಜ್ಞೆಯ ವಿಚಾರ ಹೇಳಿದ್ದರು. 1970ರ ದಶಕದಲ್ಲಿ ಆಕೆ ತರಗತಿಗಳ ಟೇಪು ಕೇಳಿ ನೋಡಿದರೆ, ಪ್ರಶ್ನೆ ಕೇಳಿದ ಟೀಚರು ಸರಾಸರಿ ಒಂದು ಸೆಕೆಂಡು ಕಾದು ಮುಂದಕ್ಕೆ ಹೋಗಿಬಿಡುತ್ತಿದ್ದರಂತೆ. ಮೂರು ಸೆಕೆಂಡು ಕಾದರೆ ಸಾಮಾನ್ಯ ಮಕ್ಕಳ ಉತ್ತರವೇ ಉದ್ದವಾಗುತ್ತಿತ್ತಂತೆ. ಆಗ ನಾನು ನೋಟ್ಸ್ ಬರೆದುಕೊಂಡು ಮರೆತಿದ್ದೆ. ನೀವೂ ಒಮ್ಮೆ ಹತ್ತು ಎಣಿಸಿ ನೋಡಿ. ಮೂವತ್ತು ಮಕ್ಕಳ ಕೋಣೆಯಲ್ಲಿ ಹತ್ತು ಸೆಕೆಂಡು ಅಂದರೆ ಒಂದು ಸಂಜೆ ಕಳೆದಂತೆ. ಮೊದಲ ವಾರ ಏಳಕ್ಕೇ ನನ್ನ ಬಾಯಿ ತೆರೆದುಕೊಳ್ಳುತ್ತಿತ್ತು. ಎರಡನೇ ವಾರ ಒಂದು ದಿನ, ಒಂಬತ್ತಕ್ಕೆ, ಅವನು ಎದ್ದ. ಅವನು ಕೇಳಿಸಿಕೊಳ್ಳುತ್ತಲೇ ಇದ್ದ, ಪಾಪ. ಮಾತು ಒಳಗೆ ಹೋಗಿ ಕಾಲಿಗೆ ಇಳಿಯಲು ಒಂಬತ್ತು ಸೆಕೆಂಡು ಬೇಕಿತ್ತು. ನಾವೇ ಐದನೇ ಸೆಕೆಂಡಿಗೆ ಇನ್ನೊಂದು ಮಾತು ತುರುಕಿ ಅವನ ಎಣಿಕೆ ಮೊದಲಿಂದ ಶುರುವಾಗುವಂತೆ ಮಾಡುತ್ತಿದ್ದೆವು.

ಲೀಡರಮ್ಮನಿಗೆ ಹೇಳುವುದು ಉಳಿದಿತ್ತು. ‘ಇನ್ನು ಮೇಲೆ ಅವನ ಬ್ಯಾಗು ಅವನೇ ತಗೊಳ್ಳಲಿ, ನೀನು ಮುಟ್ಟಬೇಡ’ ಅಂದೆ. ಕೆಳತುಟಿ ನಡುಗಿತು. ‘ನಾನೇನ್ ತೆಪ್ ಮಾಡ್ದೆ ಮಿಸ್?’ ಏನು ಹೇಳಲಿ? ನಾನು ಮಾಡಿದ ತಪ್ಪನ್ನೇ ಅವಳೂ ಮಾಡಿದ್ದಳು, ನನಗಿಂತ ಹೆಚ್ಚು ಪ್ರೀತಿಯಿಂದ. ಅವಳಿಗೆ ಹೊಸ ಕೆಲಸ ಕೊಟ್ಟೆ: ಕೈ ಹಿಂದೆ ಕಟ್ಟಿಕೊಂಡು ಬೆರಳಲ್ಲಿ ಹತ್ತು ಎಣಿಸುವುದು, ಅವನು ಏನು ಮಾಡಿದ ಅಂತ ನನಗೆ ಬಂದು ಹೇಳುವುದು. ಆ ಹುಡುಗಿ ಕಂಡುಹಿಡಿದದ್ದು ನನಗಾಗಲಿ ಮೇಡಮ್ಮಿಗಾಗಲಿ ಹೊಳೆದಿರಲಿಲ್ಲ. ಬ್ಯಾಗು ನೆಲದ ಮೇಲಿದ್ದರೆ ಜಿಪ್ಪಿನ ಜೊತೆ ಬ್ಯಾಗೂ ಜಾರಿಕೊಂಡು ಬರುತ್ತೆ, ಎರಡು ಮಂಡಿಯ ನಡುವೆ ಸಿಕ್ಕಿಸಿಕೊಂಡರೆ ಬರಲ್ಲ. ‘ಅವ್ನು ಒಂದ್ ಕೈಲೇ ಎಳೀತನೆ ಮಿಸ್, ಇನ್ನೊಂದ್ ಕೈಲಿ ಇಡ್ಕೋಬೇಕು ಅಂತ ಅವ್ನಿಗೆ ಗೊತ್ತಿಲ್ಲ.’ ಮಂಡಿಯ ಉಪಾಯ ಕಲಿತ ಮೇಲೆ ಬೇಗ ಬೇಗ ಮುಂದುವರಿಯಿತು. ಆದರೂ ಪೂರ್ತಿ ಜಿಪ್ಪು ತಾನೇ ತೆಗೆದದ್ದು ಫೆಬ್ರವರಿಯಲ್ಲಿ. ಏಳು ತಿಂಗಳು.

ಮೈಸೂರಿನ ಕಥೆ ಇದರ ನಡುವೆಯೇ ನಡೆಯಿತು. ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ. ಆಟೋದವರಿಗೆ ‘ಸ್ಪೀಚ್ ಅಂಡ್ ಹಿಯರಿಂಗ್’ ಅಂದರೆ ಸಾಕು. ದೇಶದ ಎಲ್ಲೆಲ್ಲಿಂದಲೋ ಅಲ್ಲಿಗೆ ಬರುತ್ತಾರೆ, ನಮ್ಮ ಊರಿನವರಿಗೆ ಗೊತ್ತಿಲ್ಲ. ಮೊದಲ ಸಲ ನಾನೇ ರಜೆ ಹಾಕಿ ತಾಯಿ, ಮಗನನ್ನು ಕರೆದುಕೊಂಡು ಹೋದೆ. ಮಾತಿನ ಪರೀಕ್ಷೆ ಮಾಡುತ್ತಾರೆ ಅಂದುಕೊಂಡರೆ ಮೊದಲು ನೋಡಿದ್ದು ಕಿವಿ. ಮಾತು ತಡವಾದ ಮಗುವಿಗೆ ಮೊದಲು ಕಿವಿ ಕೇಳುತ್ತದೆಯೇ ಅಂತ ಖಾತ್ರಿ ಮಾಡಿಕೊಳ್ಳಬೇಕಂತೆ. ಇವನಿಗೆ ಒಂದು ಕಿವಿಯ ಒಳಗೆ ದ್ರವ ಕಟ್ಟಿಕೊಂಡಿತ್ತು. ಔಷಧಿಯಲ್ಲಿ ಹೋಯಿತು. ಅದು ಹೋದ ತಕ್ಷಣ ಮಾತು ಬಂದುಬಿಟ್ಟಿತು ಅಂತ ಬರೆಯಲು ಎಷ್ಟು ಚೆನ್ನಾಗಿರುತ್ತಿತ್ತು. ಬರಲಿಲ್ಲ. ಹಿಂದಿನಿಂದ ಕರೆದರೆ ತಿರುಗುವುದು ಜಾಸ್ತಿಯಾಯಿತು, ಅಷ್ಟೆ.

ಬುದ್ಧಿಮಟ್ಟದ ಪರೀಕ್ಷೆಯ ದಿನ ಇನ್ನೊಂದು ನಡೆಯಿತು. ಬ್ಲಾಕು, ಚಿತ್ರ ಎಲ್ಲ ಆದಮೇಲೆ ತಾಯಿಯನ್ನು ಕೂರಿಸಿಕೊಂಡು ಪ್ರಶ್ನೆ ಕೇಳಿದರು. ತಾನೇ ಲೋಟದಲ್ಲಿ ಕುಡಿಯುತ್ತಾನಾ? ತಾನೇ ಊಟ ಮಾಡುತ್ತಾನಾ? ಅಂಗಿ ಹಾಕಿಕೊಳ್ಳುತ್ತಾನಾ? ಮುಖ ತೊಳೆಯುತ್ತಾನಾ? ಪಕ್ಕದ ಮನೆಗೆ ಒಬ್ಬನೇ ಹೋಗಿ ಬರುತ್ತಾನಾ? ಸಾಮಾಜಿಕ ಪ್ರಬುದ್ಧತೆ ಅಳೆಯುವ ಪಟ್ಟಿ ಅದು. ಪ್ರತಿಯೊಂದಕ್ಕೂ ತಾಯಿಯ ಉತ್ತರ ಒಂದೇ: ‘ನಾವೇ ಮಾಡ್ತೀವಿ.’ ‘ಅವನಿಗೆ ಬರಲ್ವಾ, ಅಥವಾ ಬಿಟ್ಟು ನೋಡಿಲ್ವಾ?’ ಅಂತ ಕೇಳಿದರು. ಅವಳು ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ.

ಪರೀಕ್ಷೆಗಳೆಲ್ಲ ಮುಗಿದ ಮೇಲೆ, ಸೌಮ್ಯ ಪ್ರಮಾಣದ ಬೌದ್ಧಿಕ ನ್ಯೂನತೆ, ಶೇಕಡ 50 ಅಂತ ನಿರ್ಧಾರವಾಯಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಶೇಕಡ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ 18 ವರ್ಷದವರೆಗೆ ಉಚಿತ ಶಿಕ್ಷಣ ಹಕ್ಕು. ಹತ್ತಿರದ ಶಾಲೆಯೋ ವಿಶೇಷ ಶಾಲೆಯೋ, ಆಯ್ಕೆ ಅವರದು. ಹಾಗಾಗಿ ಪ್ರಮಾಣಪತ್ರಕ್ಕೂ, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೂ ಬೆಲೆ ಇದೆ. ಆದರೆ ತಾಯಿ ಎರಡು ತಿಂಗಳು ಅರ್ಜಿ ಹಾಕಲಿಲ್ಲ. ‘ಸೀಲ್ ಹೊಡುದ್ಬುಟ್ರೆ ಆಮೇಕೆ ಅಳ್ಸಕಾದದಾ ಮಿಸ್?’ ಅಂದಳು. ಅವಳ ಮುಂದಿನ ಪ್ರಶ್ನೆಗೆ ಇವತ್ತಿಗೂ ನನ್ನಲ್ಲಿ ಸರಿಯಾದ ಉತ್ತರವಿಲ್ಲ. ಚಿಕ್ಕವನಿದ್ದಾಗ ಡಾಕ್ಟರು ‘ಬೆಳವಣಿಗೆ ತಡ’ ಅಂದಿದ್ದರಂತೆ. ‘ತಡ ಅಂದ್ರೆ ಬಸ್ಸಿನ ತರ ತಾನೆ? ತಡ ಆದ್ರೂ ಬತ್ತದೆ ಅಂತ ತಾನೆ?’ ಐದು ವರ್ಷದೊಳಗಿನ ಮಗುವಿನ ಬುದ್ಧಿಯನ್ನು ನಂಬುವ ಹಾಗೆ ಅಳೆಯಲಾಗುವುದಿಲ್ಲ ಅಂತ ಆ ವಯಸ್ಸಿನಲ್ಲಿ ‘ತಡ’ ಅನ್ನುತ್ತಾರೆ, ಕೆಲವು ಮಕ್ಕಳು ಮುಂದೆ ಸರಿಹೋಗುತ್ತಾರೆ, ಕೆಲವರಿಗೆ ಆ ವ್ಯತ್ಯಾಸ ಉಳಿಯುತ್ತೆ ಅಂತ ವಿವರಿಸಿದೆ. ಅವಳು ಕೇಳಿದ್ದು ಅದಲ್ಲ ಅಂತ ನನಗೂ ಗೊತ್ತಿತ್ತು.

ಥೆರಪಿಗೆ ವಾರಕ್ಕೊಮ್ಮೆಯಾದರೂ ಬನ್ನಿ ಅಂದಿದ್ದರು. ಮೊದಲ ವರ್ಷ ಹೋದದ್ದು ಒಟ್ಟು ಐದು ಸಲ. ಇಬ್ಬರ ಬಸ್ಸಿನ ದುಡ್ಡು, ಸಿಟಿ ಬಸ್ಸು, ಅವಳ ಒಂದು ದಿನದ ಕೂಲಿ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತಲ್ಲ, ಅಲ್ಲಿಂದ ಅವಳು ಪ್ರತಿ ಗುರುವಾರ ಹೋಗತೊಡಗಿದಳು. ಟಿ.ವಿ.ಯಲ್ಲಿ ಈ ಯೋಜನೆಯ ಬಗ್ಗೆ ಜಗಳ ಆಡುವವರನ್ನು ನೋಡಿದಾಗೆಲ್ಲ ನನಗೆ ಆ ಶೂನ್ಯ ಟಿಕೆಟ್ಟುಗಳ ಕಂತೆ ನೆನಪಾಗುತ್ತೆ. ಆಧಾರ್ ಕಾರ್ಡಿನ ಜೊತೆ ರಬ್ಬರ್ ಹಾಕಿ ಎತ್ತಿಟ್ಟಿದ್ದಾಳೆ, ಯಾಕೆ ಅಂತ ಕೇಳಿಲ್ಲ.

ಅಕ್ಷರಕ್ಕೆ ಬರೋಣ. ಮುಷ್ಟಿಯಲ್ಲಿ ಪೆನ್ಸಿಲ್ ಹಿಡಿಯುವವನಿಗೆ ಪೆನ್ಸಿಲ್ಲೇ ಕೊಡಬೇಡಿ ಅಂದರು ಅಲ್ಲಿ. ಸೀಮೆಸುಣ್ಣವನ್ನು ಹೆಬ್ಬೆರಳ ಉಗುರಿನಷ್ಟು ತುಂಡು ಮಾಡಿ ಕೊಡಿ. ತುಂಡನ್ನು ಮುಷ್ಟಿಯಲ್ಲಿ ಹಿಡಿಯಲಾಗುವುದಿಲ್ಲ, ಬೆರಳು ತಾನಾಗೇ ಸರಿಯಾಗಿ ಕೂರುತ್ತೆ. ಕೂತು ಬರೆಸುವುದಕ್ಕಿಂತ ನಿಂತು ಗೋಡೆಯ ಮೇಲೆ ಬರೆಸಿ, ಭುಜಕ್ಕೂ ಮಣಿಕಟ್ಟಿಗೂ ಬಲ ಬರುತ್ತೆ. ನಲಿಕಲಿ ಕೋಣೆಯಲ್ಲಿ ಮಕ್ಕಳ ಎತ್ತರಕ್ಕೆ ಗೋಡೆ ಸುತ್ತ ಕಪ್ಪು ಹಲಗೆ ಬಳಿದೇ ಇರುತ್ತೆ. ಇಷ್ಟು ವರ್ಷ ಅದನ್ನು ಅಲಂಕಾರಕ್ಕೆ ಅಂದುಕೊಂಡಿದ್ದೆನೋ ಏನೋ. ಅವನ ಮೊದಲ ಸ್ವಂತ ‘ರ’ ಆ ಗೋಡೆಯ ಮೇಲೆ ಬಂತು. ಹೊಟ್ಟೆ ಉಬ್ಬಿದ, ತಲೆಕಟ್ಟು ಎಲ್ಲೋ ಹಾರಿಹೋದ ‘ರ’. ಆ ವಾರ ಆ ಭಾಗ ಒರೆಸಲು ಯಾರಿಗೂ ಬಿಡಲಿಲ್ಲ.

ಎಣಿಕೆ ಕಲಿತದ್ದು ಚೌಕಾಬಾರದಲ್ಲಿ. ಇದರ ಕೀರ್ತಿ ಯಾರಿಗೂ ಇಲ್ಲ, ಮಳೆಗೆ. ಮಳೆ ಹಿಡಿದ ಒಂದು ಮಧ್ಯಾಹ್ನ ಮಕ್ಕಳು ವರಾಂಡದಲ್ಲಿ ಮನೆ ಬರೆದು, ಒಂದು ಕಡೆ ತೇಯ್ದ ನಾಲ್ಕು ಹುಣಸೆ ಬೀಜ ಎಸೆದು ಆಡುತ್ತಿದ್ದರು. ಇವನೂ ಹೋಗಿ ಕೂತ. ಒಂದರಿಂದ ಐದು ಬಾಯಿಪಾಠ ಬರುತ್ತಿತ್ತು. ಆದರೆ ಮೂರು ಬೀಜ ಎಣಿಸು ಅಂದರೆ ಬಾಯಿ ಐದಕ್ಕೆ ಓಡುತ್ತಿತ್ತು, ಬೆರಳು ಎರಡರಲ್ಲೇ ಇರುತ್ತಿತ್ತು. ಒಂದು ವಸ್ತುವಿಗೆ ಒಂದೇ ಮಾತು ಅನ್ನೋದು ನಮಗೆ ಯಾವಾಗ ಬಂತೋ ನೆನಪಿಲ್ಲ, ಅವನಿಗೆ ಅದು ಬೆಟ್ಟ. ಚೌಕಾಬಾರದಲ್ಲಿ ಕಾಯಿ ಒಂದು ಮನೆ ದಾಟಿದರೆ ಒಂದೇ ಎಣಿಕೆ, ಜಾಸ್ತಿ ದಾಟಿದರೆ ಎದುರು ಕೂತವರು ಬಿಡುವುದಿಲ್ಲ, ಕಿತ್ತಾಡುತ್ತಾರೆ. ಟೀಚರಿಗಿಂತ ಕಟ್ಟುನಿಟ್ಟು. ಸರದಿ ಕಾಯುವುದೂ ಅಲ್ಲೇ ಕಲಿತ. ಒಂದು ದಿನ ವರಾಂಡದಿಂದ ಕೂಗು: ‘ಮಿಸ್, ಪುಟ್ಟ ಬಾರ ಹಾಕ್ಬುಟ್ಟ!’ ನಾಲ್ಕು ಬೀಜವೂ ಮುಚ್ಚಿ ಬಿದ್ದರೆ ಬಾರ, ಎಂಟು ಮನೆ. ಅವನು ಕಾಯಿ ಹಿಡಿದು ಒಂದೊಂದೇ ಮನೆ ಕುಟ್ಟುತ್ತಾ ನಡೆಸಿದ. ಆರರ ಹತ್ತಿರ ನಿಂತ. ಕೂಗಾಡುತ್ತಿದ್ದ ಮಕ್ಕಳೆಲ್ಲ ಗಪ್‌ಚುಪ್. ಲೀಡರಮ್ಮನ ಕೈ ಬೆನ್ನ ಹಿಂದೆ. ನಾನು ಬಾಗಿಲಲ್ಲಿ ನಿಂತು ಎಣಿಸಿದೆ. ‘ಏಲು’ ಅಂದ. ‘ಎಂತು’ ಅಂದ.

ಸೋತ ಜಾಗಗಳೂ ಇವೆ. ಮೂರನೇ ತರಗತಿಯಲ್ಲಿ ಒಂದು ದಿನ, ಯಾವುದೋ ಆನ್‌ಲೈನ್ ಮಾಹಿತಿ ಸಂಜೆಯೊಳಗೆ ತುಂಬಬೇಕು ಅಂತ ಫೋನು ಹಿಡಿದು ಕೂತಿದ್ದಾಗ ಅವನು ಬಂದು ಸೆರಗು ಎಳೆದ. ‘ಇರೋ’ ಅಂತ ಗದರಿದೆ. ಅವನು ಅಲ್ಲೇ ನಿಂತು ಒದ್ದೆ ಮಾಡಿಕೊಂಡ. ಹೇಳಲು ಬಾರದವನು ಮೊದಲ ಸಲ ಹೇಳಲು ಬಂದಿದ್ದ. ಆಮೇಲೆ ಒಂದು ತಿಂಗಳು ಹೇಳಲಿಲ್ಲ. ನೀರಿನ ಕೊಡದ ಪಕ್ಕ ಶೌಚಾಲಯದ ಚಿತ್ರ ಅಂಟಿಸಿ, ಅದನ್ನು ಮುಟ್ಟಿ ಹೋದರೆ ಸಾಕು, ಯಾರನ್ನೂ ಕೇಳಬೇಕಾಗಿಲ್ಲ ಅಂತ ಮಾಡಿದ್ದು ಅದಾದ ಮೇಲೆ. ಈಗ ನೋಡಿದರೆ ಎಲ್ಲ ಮಕ್ಕಳೂ ಅದನ್ನು ಮುಟ್ಟಿಯೇ ಹೋಗುತ್ತಾರೆ. ‘ಮಿಸ್ ಒಂದಕ್ಕೆ’ ಅನ್ನೋ ಕಾಟ ತಪ್ಪಿದೆ.

ಈಗ ಅವನಿಗೆ ಹತ್ತು ವರ್ಷ. ಒತ್ತಕ್ಷರ ಇಲ್ಲದ ಪದ ಓದುತ್ತಾನೆ. ಒತ್ತು ಬಂದರೆ ಹಾರಿಸಿ ಓದುತ್ತಾನೆ, ‘ಅಕ್ಕ’ ಅವನ ಬಾಯಲ್ಲಿ ‘ಅಕ’. ಇಪ್ಪತ್ತರೊಳಗೆ ಕೂಡುತ್ತಾನೆ, ಬೀಜ ಇದ್ದರೆ. ಕಳೆಯುವುದು ಬಂದಿಲ್ಲ. ಹತ್ತು ರೂಪಾಯಿ ಕೊಟ್ಟರೆ ಅಂಗಡಿಯಿಂದ ಬೆಂಕಿಪೊಟ್ಟಣ ತರುತ್ತಾನೆ, ಚಿಲ್ಲರೆ ಕೇಳುವುದನ್ನು ಮರೆಯುತ್ತಾನೆ. ಅಂಗಡಿಯವನು ಮರೆಯುವುದಿಲ್ಲ, ಒಳ್ಳೆಯವನು. ಮಾತು ಈಗ ನೋಟ್‌ಬುಕ್ಕಿನಲ್ಲಿ ಬರೆದು ಮುಗಿಯುವಷ್ಟಿಲ್ಲ. ಅಜ್ಜಿಯ ಪ್ರಕಾರ ಅದೆಲ್ಲ ಬಜೆಯದೇ ಮಹಿಮೆ. ಇರಲಿ.

ಮುಂದಿನ ಶಾಲೆ ಎರಡು ಕಿಲೋಮೀಟರ್, ನಾಲೆಯ ಸೇತುವೆ ದಾಟಿ. ಪೀರಿಯಡ್ಡಿಗೊಬ್ಬ ಮೇಷ್ಟ್ರು, ಬೆಂಚು, ಗಂಟೆ. ಕಳೆದ ತಿಂಗಳು ನಾಲ್ಕು ಶನಿವಾರ ಶಾಲೆ ಬಿಟ್ಟ ಮೇಲೆ ತಾಯಿ ಅವನನ್ನು ಆ ದಾರಿಯಲ್ಲಿ ನಡೆಸಿದ್ದಾಳೆ. ಮೊದಲ ವಾರ ಕೈ ಹಿಡಿದು, ಎರಡನೇ ವಾರ ಪಕ್ಕದಲ್ಲಿ, ಮೂರನೇ ವಾರ ಹತ್ತು ಹೆಜ್ಜೆ ಹಿಂದೆ. ನಾಲ್ಕನೇ ವಾರ ಸೇತುವೆಯ ಈಚೆಯೇ ನಿಂತು ನೋಡಿದಳಂತೆ. ನಾನು ಹೇಳಿಕೊಟ್ಟದ್ದಲ್ಲ.

ಒಂದು ಪುಟಕ್ಕೆ ಇಳಿಸಿದ ಕಾಗದದಲ್ಲಿ ಹೆಚ್ಚೇನೂ ಉಳಿದಿಲ್ಲ. ಒಂದು ಸಲಕ್ಕೆ ಒಂದೇ ಮಾತು ಹೇಳಿ, ಹತ್ತು ಎಣಿಸಿ ಅಂತ ಬರೆದಿದ್ದೇನೆ. ಎಡಗಿವಿಯ ಕಡೆ ನಿಲ್ಲಿ, ಕೋಪದಲ್ಲಿದ್ದಾಗ ಮುಟ್ಟಬೇಡಿ, ಚೌಕಾಬಾರ ಆಡಲು ಕೂತರೆ ಹುಷಾರು, ಗೆಲ್ಲುತ್ತಾನೆ. ಕೊನೆಗೆ ಇಷ್ಟು:

‘ನಿಮ್ಮ ಏಳನೇ ತರಗತಿಗೆ ಬರುವ ಎರಡು ಜಡೆಯ ಹುಡುಗಿಯೊಬ್ಬಳು ಮೊದಲ ದಿನವೇ ಇವನ ಬ್ಯಾಗು ತೆಗೆದುಕೊಳ್ಳಲು ಓಡಿ ಬರುತ್ತಾಳೆ. ಒಂದು ವರ್ಷದಿಂದ ನೋಡಿಲ್ಲವಲ್ಲ, ತಡೆಯಲಾರಳು. ಬೈಯಬೇಡಿ. ಕೈ ಹಿಂದೆ ಕಟ್ಟಿಕೋ ಅಂದರೆ ಅವಳಿಗೆ ಅರ್ಥವಾಗುತ್ತೆ. ಜಿಪ್ಪಿನ ಟೇಪು ಸವೆದಿದೆ, ಕಿತ್ತುಹೋದರೆ ಬೇರೆ ಕಟ್ಟಿಸಿ. ಕೆಂಪೇ ಆಗಬೇಕು.’